ಜರ್ಮನಿಯ ಕನ್ನಡ ಸಂಘಗಳಿಗೆ ಒಬ್ಬ ತಾಯಿಯ ಬಹಿರಂಗ ಪತ್ರ

ಸಂಘಗಳ ಅಧ್ಯಕ್ಷರಿಗೆ, ಪದಾಧಿಕಾರಿಗಳಿಗೆ, ಮತ್ತು ಇಲ್ಲಿರುವ ಎಲ್ಲ ಕನ್ನಡಿಗರಿಗೆ,

ನಮಸ್ಕಾರ. ನಾನು ನಿಮ್ಮಲ್ಲೇ ಒಂದು ಸಂಘದ ಸದಸ್ಯೆ. ಯುಗಾದಿಗೆ ಹೋಳಿಗೆ ತಟ್ಟಿದ್ದೇನೆ, ರಾಜ್ಯೋತ್ಸವಕ್ಕೆ ಕುರ್ಚಿ ಜೋಡಿಸಿದ್ದೇನೆ. ಮ್ಯೂನಿಕ್‌ನಿಂದ ರೈಲಿನಲ್ಲಿ ಮುಕ್ಕಾಲು ಗಂಟೆ ದೂರದ ಒಂದು ಸಣ್ಣ ಊರಲ್ಲಿ ನಮ್ಮ ಮನೆ. ಹೆರಿಗೆಯ ನಂತರ ಬರುವ ಖಿನ್ನತೆ, ಅದಕ್ಕೆ ಇಲ್ಲಿ ಸಹಾಯ ಸಿಗುವ ದಾರಿ, ಇವುಗಳ ಬಗ್ಗೆ ಈ ಪತ್ರ. ಇದನ್ನು ನಿಮಗಷ್ಟೇ ಕಳಿಸಬಹುದಿತ್ತು. ಆದರೆ ಇದು ನನ್ನೊಬ್ಬಳ ಕಥೆ ಅಲ್ಲ ಎಂದು ಗೊತ್ತಾದ ಮೇಲೆ, ಎಲ್ಲರೂ ಓದುವ ಹಾಗೆ ಬರೆಯುವುದೇ ಸರಿ ಅನ್ನಿಸಿತು.

ಎರಡು ವರ್ಷದ ಹಿಂದೆ, ಆಗಸ್ಟ್ ಮೊದಲ ವಾರ, ನನಗೆ ಮಗಳು ಹುಟ್ಟಿದಳು. ಬಾಣಂತನಕ್ಕೆ ಅಮ್ಮ ತೀರ್ಥಹಳ್ಳಿಯಿಂದ ಬಂದಿದ್ದರು. ಪೆಟ್ಟಿಗೆ ತುಂಬ ಬಾಣಂತಿ ಲೇಹ, ಒಣ ಶುಂಠಿ, ಮಗುವಿಗೆ ಹಳೆ ಸೀರೆಯ ಬಟ್ಟೆ. ಸಾಂಬ್ರಾಣಿ ಹೊಗೆ ಹಾಕಲು ಆಗಲಿಲ್ಲ, ಪ್ರತಿ ಕೋಣೆಯಲ್ಲೂ ಹೊಗೆಗೆ ಕೂಗಿಕೊಳ್ಳುವ ಗಂಟೆ ಇದೆ. ಉಳಿದದ್ದನ್ನೆಲ್ಲ ಅಮ್ಮ ಮಾಡಿದರು. ಎಣ್ಣೆ ಹಚ್ಚಿ ನೀರು ಹಾಕಿದರು, ಮೆಣಸಿನ ಸಾರು ಕೊಟ್ಟರು, ರಾತ್ರಿ ಮಗುವನ್ನು ಎತ್ತಿಕೊಂಡು ಓಡಾಡಿದರು. ಇದರ ಜೊತೆಗೆ ಹೆಬಾಮೆ, ಅಂದರೆ ಇಲ್ಲಿನ ಸೂಲಗಿತ್ತಿ, ಮನೆಗೆ ಬರುತ್ತಿದ್ದರು. ಹೆರಿಗೆಯಾದ ಮೊದಲ ಹತ್ತು ದಿನ ದಿನಾ ಬರಬಹುದು. ಆಮೇಲೆ 12 ವಾರದವರೆಗೆ ಬೇಕಾದಾಗ. ಅದರ ಖರ್ಚನ್ನು ಆರೋಗ್ಯ ವಿಮೆಯೇ ಕೊಡುತ್ತದೆ. ಈ ದೇಶದ ಬಗ್ಗೆ ನನಗೆ ತುಂಬ ಗೌರವ ಇರುವ ವಿಷಯಗಳಲ್ಲಿ ಇದೂ ಒಂದು.

ಈಗ ಲೆಕ್ಕ ಹಾಕಿ ನೋಡಿ. ಷೆಂಗೆನ್ ವೀಸಾದಲ್ಲಿ, ಅಂದರೆ ಯುರೋಪಿಗೆ ಸ್ವಲ್ಪ ದಿನದ ಮಟ್ಟಿಗೆ ಬರುವವರ ವೀಸಾದಲ್ಲಿ, ಬಂದವರು 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಹೆರಿಗೆಗೆ ಐದಾರು ದಿನ ಮುಂಚೆ ಅಮ್ಮ ಬಂದರೆ, ಅವರ 90 ದಿನವೂ ಹೆಬಾಮೆಯ 12 ವಾರವೂ ಒಂದೇ ವಾರ ಮುಗಿಯುತ್ತವೆ. ನನಗೆ ಹಾಗೇ ಆಯಿತು. ಅದು ಅಕ್ಟೋಬರ್ ಕೊನೆಯ ವಾರ. ಅದೇ ಭಾನುವಾರ ಇಲ್ಲಿ ಗಡಿಯಾರವನ್ನೂ ಒಂದು ಗಂಟೆ ಹಿಂದಿಟ್ಟರು. ಮನೆಯವರ ರಜೆ ಮುಗಿದು ಅವರು ಆಗಲೇ ಕೆಲಸಕ್ಕೆ ಹೋಗುತ್ತಿದ್ದರು.

ನವೆಂಬರ್‌ನಲ್ಲಿ ಇಲ್ಲಿ ನಾಲ್ಕೂವರೆಗೆಲ್ಲ ಕತ್ತಲು. ಗಡಿಯಾರ ಬದಲಾದ ಮೇಲೆ ಊರಿಗೂ ನಮಗೂ ನಾಲ್ಕೂವರೆ ಗಂಟೆ ಅಂತರ. ನನಗೆ ಸಂಜೆ ಭಾರ ಅನ್ನಿಸಲು ಶುರುವಾಗುವ ಹೊತ್ತಿಗೆ ತೀರ್ಥಹಳ್ಳಿಯಲ್ಲಿ ಅಮ್ಮ ಮಲಗಿರುತ್ತಿದ್ದರು. ಬೆಳಿಗ್ಗೆ ಅವರು ವಿಡಿಯೋ ಕಾಲ್ ಮಾಡಿದಾಗ ನಾನು ಕ್ಯಾಮೆರಾವನ್ನು ಮಗುವಿನ ಕಡೆ ತಿರುಗಿಸಿಬಿಡುತ್ತಿದ್ದೆ. ಅಮ್ಮನಿಗೆ ಮೊಮ್ಮಗಳು ಕಾಣುತ್ತಿದ್ದಳು. ನಾನು ಕಾಣುತ್ತಿರಲಿಲ್ಲ.

ಏನಾಗಿತ್ತು ಎಂದು ನೇರವಾಗಿ ಹೇಳುತ್ತೇನೆ. ಮಗು ಅತ್ತರೆ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಎತ್ತಿಕೊಳ್ಳುತ್ತಿದ್ದೆ, ಹಾಲು ಕೊಡುತ್ತಿದ್ದೆ, ಬಟ್ಟೆ ಬದಲಾಯಿಸುತ್ತಿದ್ದೆ. ಒಳಗೆ ಮಾತ್ರ ಬರೀ ಖಾಲಿ. ಮಗು ಮಲಗಿದಾಗಲೂ ನನಗೆ ನಿದ್ದೆ ಬರುತ್ತಿರಲಿಲ್ಲ. ಡಿಸೆಂಬರ್ ಹೊತ್ತಿಗೆ ಒಂದು ಯೋಚನೆ ಬರತೊಡಗಿತು: ನಾನಿಲ್ಲದಿದ್ದರೆ ಇವರಿಬ್ಬರೂ ಚೆನ್ನಾಗಿರುತ್ತಾರೆ. ಮೊದಲ ಸಲ ಬಂದಾಗ ಹೆದರಿದೆ. ಹತ್ತನೇ ಸಲಕ್ಕೆ ಹೆದರಿಕೆಯೂ ಆಗಲಿಲ್ಲ. ಈಗ ನೆನೆಸಿಕೊಂಡರೆ, ಹೆದರಿಕೆ ನಿಂತುಹೋಗಿದ್ದೇ ಎಲ್ಲಕ್ಕಿಂತ ಅಪಾಯದ ವಿಷಯವಾಗಿತ್ತು.

ಆಗ ನನ್ನ ಕೈಯಲ್ಲಿ ನಿಮ್ಮ ವಾಟ್ಸಾಪ್ ಗುಂಪು ಇತ್ತು. ಅದೇ ಗುಂಪಿನಲ್ಲಿ ರಾಗಿ ಹಿಟ್ಟು ಎಲ್ಲಿ ಸಿಗುತ್ತೆ ಅಂತ ಕೇಳಿದ್ದೆ, ಹಳೆ ತೊಟ್ಟಿಲು ಕೇಳಿದ್ದೆ, ತೆರಿಗೆ ಪತ್ರ ತುಂಬಿಸಲು ಯಾರನ್ನು ನೋಡಬೇಕು ಅಂತ ಕೇಳಿದ್ದೆ. ಹತ್ತು ನಿಮಿಷದಲ್ಲಿ ಉತ್ತರ ಬರುತ್ತಿತ್ತು. ತೊಟ್ಟಿಲನ್ನಂತೂ ಒಬ್ಬರು ಮನೆಗೇ ತಂದುಕೊಟ್ಟರು. "ಯಾರಿಗಾದರೂ ಒಳ್ಳೆ ಥೆರಪಿಸ್ಟ್ ಗೊತ್ತಾ?" ಎಂದು ಮೂರು ಸಲ ಟೈಪ್ ಮಾಡಿದೆ. ಮೂರು ಸಲವೂ ಅಳಿಸಿದೆ. ಇನ್ನೂರಕ್ಕೂ ಜಾಸ್ತಿ ಜನ ಇರುವ ಗುಂಪು ಅದು. ನಾಳೆ ಎದುರು ಸಿಕ್ಕಾಗ ಮುಖ ಹೇಗೆ ತೋರಿಸುವುದು ಅನ್ನಿಸಿತು. ಇದು ನಿಮ್ಮ ತಪ್ಪಲ್ಲ. ಕೇಳದೇ ಇದ್ದವಳು ನಾನು. ಆದರೆ ಕೇಳದೆಯೂ ಸಿಗುವ ಹಾಗೆ ಕೆಲವು ವಿಷಯಗಳನ್ನು ಇಟ್ಟಿರಬಹುದು, ಅಲ್ವಾ? ಈ ಪತ್ರ ಬರೆದದ್ದು ಅದಕ್ಕೇ.

ಮೊದಲು ನಾನು ಸಿಕ್ಕಿಹಾಕಿಕೊಂಡದ್ದು ಒಂದು ಆ್ಯಪ್‌ನಲ್ಲಿ. ಹೊರದೇಶದಲ್ಲಿ ಇರುವವರಿಗೆಂದೇ ಇಂಗ್ಲಿಷ್‌ನಲ್ಲಿ ಆನ್‌ಲೈನ್ ಥೆರಪಿ ಎಂದು ಜಾಹೀರಾತು. ತಿಂಗಳ ದುಡ್ಡು ಮೊದಲೇ ಕಟ್ಟಿಸಿಕೊಂಡರು. ಸಿಕ್ಕವರು ತುಂಬ ಮೆತ್ತಗೆ ಮಾತಾಡುತ್ತಿದ್ದರು. ಅವರು ಬೇರೆ ಯಾವುದೋ ದೇಶದಲ್ಲಿ ಇದ್ದರು. ಓದಿದ್ದೇನು, ಪರವಾನಗಿ ಎಲ್ಲಿಯದು ಎಂದು ನಾನು ಕೇಳಲಿಲ್ಲ. ನಾನು ಎಲ್ಲಿದ್ದೇನೆ ಎಂದು ಅವರೂ ಕೇಳಲಿಲ್ಲ. ಮೂರನೇ ವಾರ ನನ್ನ ಆ ಯೋಚನೆಯ ವಿಷಯ ಹೇಳಿದೆ. ಮಾರನೇ ದಿನ ಒಂದು ಸಂದೇಶ ಬಂತು: ತುರ್ತು ಪರಿಸ್ಥಿತಿಯವರಿಗೆ ಈ ಸೇವೆ ಇಲ್ಲ, ನಿಮ್ಮ ಖಾತೆ ನಿಲ್ಲಿಸಿದ್ದೇವೆ, ಈ ನಂಬರಿಗೆ ಕರೆ ಮಾಡಿ. ಆ ನಂಬರು ನಾನಿರುವ ದೇಶದ್ದಾಗಿರಲಿಲ್ಲ. ಅವತ್ತು ರಾತ್ರಿ ನಾನು ಯಾರ ಜೊತೆಗೂ ಮಾತಾಡಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಹೆಬಾಮೆ. ಹಾಲು ಕುಡಿಸುವ ತೊಂದರೆ ಇದ್ದರೆ 12 ವಾರ ಕಳೆದ ಮೇಲೂ ಅವರನ್ನು ಕರೆಯಬಹುದು. ಅದೇ ನೆಪ ಮಾಡಿ ಕರೆದೆ. ಅವರು ಮಗುವನ್ನು ನೋಡಿ, ನನ್ನನ್ನು ನೋಡಿ, ಚೀಲದಿಂದ ಒಂದು ಹಾಳೆ ತೆಗೆದರು. ಹತ್ತು ಪ್ರಶ್ನೆ. ಕಳೆದ ಏಳು ದಿನ ಹೇಗಿತ್ತು ಎಂದಷ್ಟೇ ಕೇಳುತ್ತದೆ. ನಗು ಬರುತ್ತಿತ್ತಾ, ಕಾರಣವಿಲ್ಲದೆ ನಿಮ್ಮನ್ನೇ ಬೈದುಕೊಳ್ಳುತ್ತಿದ್ದಿರಾ, ನಿದ್ದೆ ಬರದಷ್ಟು ಬೇಜಾರಿತ್ತಾ. ಹತ್ತನೆಯದು, ನಿಮಗೆ ನೀವೇ ಹಾನಿ ಮಾಡಿಕೊಳ್ಳುವ ಯೋಚನೆ ಬಂತಾ. ಐದು ನಿಮಿಷದ ಕೆಲಸ. ಅಂಕ ಸೊನ್ನೆಯಿಂದ 30ರವರೆಗೆ. 1987ರಲ್ಲಿ ಎಡಿನ್‌ಬರೊದಲ್ಲಿ ಮಾಡಿದ ಪಟ್ಟಿ ಇದು, ಎಡಿನ್‌ಬರೊ ಸ್ಕೇಲ್ ಎಂದೇ ಹೆಸರು. ಇದರಿಂದ ಕಾಯಿಲೆ ಇದೆಯೋ ಇಲ್ಲವೋ ಎಂದು ತೀರ್ಮಾನ ಆಗುವುದಿಲ್ಲ. ವೈದ್ಯರ ಹತ್ತಿರ ಹೋಗಬೇಕೋ ಎಂದು ಗೊತ್ತಾಗುತ್ತದೆ, ಅಷ್ಟೇ. ಹತ್ತನೇ ಪ್ರಶ್ನೆಗೆ "ಹೌದು" ಎಂದಿದ್ದರೆ ಮಾತ್ರ ಒಟ್ಟು ಅಂಕ ಎಷ್ಟೇ ಇರಲಿ ಅವತ್ತೇ ಹೋಗಬೇಕು. ಇದರ ಕನ್ನಡ ರೂಪವೂ ಇದೆ ಎಂದು ನನಗೆ ಆಮೇಲೆ ಗೊತ್ತಾಯಿತು. ಕರ್ನಾಟಕದ ಹಳ್ಳಿಗಳ ಹೆಂಗಸರ ಜೊತೆ ಸಂಶೋಧಕರು ಅದನ್ನು ಬಳಸಿದ್ದಾರೆ.

ಹೆತ್ತ ತಾಯಂದಿರಲ್ಲಿ ಶೇ 13ರಷ್ಟು ಜನರಿಗೆ ಮನಸ್ಸಿನ ತೊಂದರೆ, ಮುಖ್ಯವಾಗಿ ಖಿನ್ನತೆ, ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿಮ್ಮ ಸಂಘದಲ್ಲಿ ಕಳೆದ ವರ್ಷ ಎಷ್ಟು ಮಕ್ಕಳು ಹುಟ್ಟಿದವು ಎಂದು ಎಣಿಸಿ ನೋಡಿ.

ಹೆಬಾಮೆಯೇ ಫೋನ್ ಮಾಡಿ ಕೊಡಿಸಿದ್ದು ಬರ್ಲಿನ್‌ನ ಒಬ್ಬ ಥೆರಪಿಸ್ಟ್. ಇಂಗ್ಲಿಷ್‌ನಲ್ಲಿ, ವಿಡಿಯೋದಲ್ಲಿ. ಅವರು ಕೇಳಿದ ಮೊದಲ ಪ್ರಶ್ನೆಯನ್ನು ನಾನು ಮರೆಯುವುದಿಲ್ಲ. "ಈಗ ನೀವು ಯಾವ ವಿಳಾಸದಲ್ಲಿ ಕೂತಿದ್ದೀರಿ?" ಆಮೇಲೆ, "ಕರೆ ಕಡಿದುಹೋದರೆ ಯಾವ ನಂಬರಿಗೆ ಮಾಡಲಿ? ನಿಮ್ಮ ಹತ್ತಿರ ಬೇಗ ಬರಬಹುದಾದವರು ಯಾರು?" ನನಗೆ ಏನಾದರೂ ಆದರೆ ಯಾರನ್ನು ಎಲ್ಲಿಗೆ ಕಳಿಸಬೇಕು ಎಂದು ಗೊತ್ತಿಲ್ಲದೆ ಅವರು ಮಾತು ಶುರು ಮಾಡಲಿಲ್ಲ. ಆನ್‌ಲೈನ್ ಥೆರಪಿ ತೆಗೆದುಕೊಳ್ಳುವವರಿಗೆ ನಾನು ಕೊಡಬಹುದಾದ ಒಂದೇ ಪರೀಕ್ಷೆ ಇದು. ಮೊದಲ ದಿನ ಈ ಮಾತು ಕೇಳದವರ ಹತ್ತಿರ ನಿಮ್ಮ ಕಷ್ಟ ಬಿಚ್ಚಬೇಡಿ.

ಒಂದು ಭೇಟಿಗೆ 100 ಯೂರೊಗೂ ಜಾಸ್ತಿ ಕೊಟ್ಟೆವು. ಹನ್ನೊಂದು ಭೇಟಿ ಆದ ಮೇಲೆ ಗೊತ್ತಾಯಿತು, ಇದಕ್ಕೆ ವಿಮೆಯ ದಾರಿಯೂ ಇತ್ತು ಎಂದು. ಆ ದಾರಿಯನ್ನು ಇಲ್ಲೇ ಬರೆದುಬಿಡುತ್ತೇನೆ. ಇದು ಗೊತ್ತಿಲ್ಲದೆ ಇನ್ನೊಬ್ಬರು ದುಡ್ಡು, ಅದಕ್ಕಿಂತ ಮುಖ್ಯವಾಗಿ ವಾರಗಳನ್ನು, ಕಳೆದುಕೊಳ್ಳಬಾರದು.

ಜರ್ಮನಿಯಲ್ಲಿ "ಪ್ಸುಖೊಥೆರಪೊಯ್ಟ್", ಅಂದರೆ ಮನೋಚಿಕಿತ್ಸಕ, ಎಂಬ ಹೆಸರನ್ನು ಎಲ್ಲರೂ ಹಾಕಿಕೊಳ್ಳುವ ಹಾಗಿಲ್ಲ. ಅದಕ್ಕೆ ಸರ್ಕಾರದ ಪರವಾನಗಿ ಬೇಕು. ಅದನ್ನು ಅಪ್ರೊಬಾತ್ಸಿಯೋನ್ ಎನ್ನುತ್ತಾರೆ. "ಕೋಚ್" ಎಂದು ಯಾರು ಬೇಕಾದರೂ ಹಾಕಿಕೊಳ್ಳಬಹುದು. ಸರ್ಕಾರಿ ಪದ್ಧತಿಯ ವಿಮೆ ದುಡ್ಡು ಕೊಡುವುದು ಪರವಾನಗಿಯ ಜೊತೆಗೆ ವಿಮೆಯ ಮಾನ್ಯತೆಯೂ ಇರುವವರಿಗೆ. ಅವರನ್ನು ನೋಡಲು ಮನೆ ಡಾಕ್ಟರ ಚೀಟಿ ಬೇಡ. ನೇರವಾಗಿ ಫೋನ್ ಮಾಡಿ ಮೊದಲ ಮಾತುಕತೆಗೆ, ಅಂದರೆ ಶ್ಪ್ರೆಖ್‌ಶ್ಟುಂಡೆಗೆ, ಸಮಯ ಕೇಳಬಹುದು. ಯಾರೂ ಸಿಗದಿದ್ದರೆ 116117ಕ್ಕೆ ಕರೆ ಮಾಡಿ. ಅದು ವೈದ್ಯರ ಸೇವೆಯ ಸಹಾಯವಾಣಿ, ಸಮಯ ಕೊಡಿಸುವುದು ಅವರ ಕೆಲಸ. ಆ ಮಾತುಕತೆಯ ಕೊನೆಗೆ ಕೈಗೆ ಒಂದು ಕಾಗದ ಕೊಡುತ್ತಾರೆ. ತಕ್ಷಣ ಚಿಕಿತ್ಸೆ ಬೇಕು ಎಂದು ಅದರಲ್ಲಿ ಬರೆದಿದ್ದರೆ ಎರಡು ವಾರದೊಳಗೆ ಜಾಗ ಹುಡುಕಿಕೊಡಬೇಕು ಎಂಬ ನಿಯಮ ಇದೆ. ಡಾಕ್ಟರನ್ನು ಹುಡುಕುವ ಪುಟಗಳಲ್ಲಿ ಭಾಷೆ ಆರಿಸಿಕೊಂಡು ಇಂಗ್ಲಿಷ್ ಮಾತಾಡುವವರನ್ನೇ ನೋಡಬಹುದು. ಮೊದಲು ಒಂದೆರಡು ಸಲ ನೇರವಾಗಿ ಹೋಗಬೇಕಾಗಬಹುದು. ಆಮೇಲೆ ವಿಡಿಯೋದಲ್ಲಿ ಮುಂದುವರಿಸಬಹುದು. ಎಲ್ಲೂ ಜಾಗ ಸಿಗದಿದ್ದರೆ, ಖಾಸಗಿಯವರ ಖರ್ಚು ಕೊಡಿ ಎಂದು ವಿಮೆಯವರನ್ನು ಕೇಳುವ ಅವಕಾಶ ಕಾನೂನಿನಲ್ಲಿದೆ. ಚಿಕಿತ್ಸೆ ಶುರು ಮಾಡುವ ಮುಂಚೆಯೇ ಕೇಳಬೇಕು. ಎಲ್ಲಿ ಕೇಳಿದೆ, ಯಾರು ಇಲ್ಲ ಅಂದರು ಎಂದು ದಿನಾಂಕ ಸಮೇತ ಬರೆದಿಟ್ಟುಕೊಂಡಿರಬೇಕು. ಕೊಟ್ಟೇ ಕೊಡುತ್ತಾರೆ ಎನ್ನುವ ಖಾತ್ರಿ ಇಲ್ಲ. ಅರ್ಜಿ ತಿರಸ್ಕಾರ ಆದವರನ್ನೂ ನಾನು ಬಲ್ಲೆ.

"ಬೆಂಗಳೂರಿನ ಡಾಕ್ಟರ ಜೊತೆ ಫೋನಿನಲ್ಲಿ ಮಾತಾಡಬಾರದಾ? ಕನ್ನಡದಲ್ಲೇ ಆಗುತ್ತಲ್ಲ" ಎಂದು ಬಹಳ ಜನ ಕೇಳುತ್ತಾರೆ. ಅಮ್ಮನೂ ಕೇಳಿದರು. ನಿಮ್ಹಾನ್ಸ್‌ನಲ್ಲಿ ತಾಯಿ-ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ನೋಡುವ ವಿಭಾಗವೇ ಇದೆ. ಅಂಥ ಜಾಗ ನಮ್ಮ ರಾಜ್ಯದಲ್ಲಿದೆ ಎನ್ನುವುದು ದೊಡ್ಡ ವಿಷಯ. ಆದರೆ ಭಾರತದ ವೈದ್ಯರಿಗೆ 2020ರ ಮಾರ್ಚ್‌ನಲ್ಲಿ ಕೊಟ್ಟ ಟೆಲಿಮೆಡಿಸಿನ್ ಮಾರ್ಗಸೂಚಿ, ದೇಶದ ಹೊರಗಿನ ಸಮಾಲೋಚನೆಗೆ ಅನ್ವಯಿಸುವುದಿಲ್ಲ ಎಂದೇ ಹೇಳುತ್ತದೆ. ಅಲ್ಲಿನ ಔಷಧಿ ಚೀಟಿ ಇಲ್ಲಿನ ಅಂಗಡಿಯಲ್ಲಿ ನಡೆಯುವುದಿಲ್ಲ. ನಡುರಾತ್ರಿ ಏನಾದರೂ ಆದರೆ ಅವರು ಇಲ್ಲಿಗೆ ಆಂಬುಲೆನ್ಸ್ ಕಳಿಸಲು ಆಗುವುದಿಲ್ಲ. ಊರಲ್ಲಿರುವ ಅಪ್ಪ-ಅಮ್ಮಂದಿರಿಗೆ ಮಾತ್ರ ಒಂದು ಒಳ್ಳೆ ದಾರಿ ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್, ಮನಸ್ಸಿನ ಆರೋಗ್ಯಕ್ಕೆಂದೇ ಇರುವ ಸರ್ಕಾರದ ಸಹಾಯವಾಣಿ, ನಂಬರು 14416. ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ಮಗಳ ಚಿಂತೆಯಲ್ಲಿ ನಿದ್ದೆ ಬಿಟ್ಟ ನನ್ನ ಅಮ್ಮನಿಗೆ ಆ ನಂಬರು ಕೊಟ್ಟದ್ದು ನಾನೇ.

ಭಾಷೆಯ ವಿಷಯ ಸ್ವಲ್ಪ ಹೇಳಲೇಬೇಕು. ಕನ್ನಡ ಸಂಘಕ್ಕೆ ಬರೆಯುತ್ತಾ "ಇಂಗ್ಲಿಷ್ ನನ್ನನ್ನು ಉಳಿಸಿತು" ಎಂದು ಹೇಳಲು ಮೊದಲು ಹಿಂಜರಿದೆ. ಆದರೆ ಅದು ನಿಜ. "ಮಗುವನ್ನು ಕಂಡರೆ ನನಗೆ ಏನೂ ಅನ್ನಿಸುತ್ತಿಲ್ಲ" ಎಂಬ ಮಾತು ಕನ್ನಡದಲ್ಲಿ ನನ್ನ ಬಾಯಿಂದ ಬರುತ್ತಲೇ ಇರಲಿಲ್ಲ. ಆ ಮಾತು ಕನ್ನಡದಲ್ಲಿ ಬಂದರೆ ಅಜ್ಜಿ, ಅತ್ತೆ, ಚಿಕ್ಕಮ್ಮ ಎಲ್ಲರೂ ಕೇಳಿಸಿಕೊಂಡ ಹಾಗೆ ಆಗುತ್ತಿತ್ತು. ಇಂಗ್ಲಿಷ್ ನನಗೆ ಆಫೀಸಿನ ಭಾಷೆ. ಅದರಲ್ಲಿ ಯಾರೂ ನನ್ನನ್ನು ಬೈದಿಲ್ಲ, ಮುದ್ದು ಮಾಡಿಲ್ಲ. ಹಾಗಾಗಿ ಹೇಳುವುದು ಸುಲಭವಾಯಿತು.

ಮಾರ್ಚ್ ತಿಂಗಳ ಒಂದು ದಿನ ನನ್ನ ಥೆರಪಿಸ್ಟ್ ಹೇಳಿದರು, "ಇದನ್ನೇ ನಿಮ್ಮ ಭಾಷೆಯಲ್ಲಿ ಹೇಳಿ. ನನಗೆ ಅರ್ಥ ಆಗಬೇಕಾಗಿಲ್ಲ." ನಾನು "ಅಮ್ಮಾ, ನಂಗೆ ಆಗ್ತಾ ಇಲ್ಲ" ಅಂದೆ. ಮುಂದೆ ಮಾತು ಹೊರಡಲಿಲ್ಲ. ಅವರು ಹಾಗೇ ಕೂತಿದ್ದರು. ಮಗಳು ಹುಟ್ಟಿದ ಮೇಲೆ ನಾನು ಜೋರಾಗಿ ಅತ್ತಿದ್ದು ಅವತ್ತೇ ಮೊದಲು.

ನನಗಾದರೆ ಇಂಗ್ಲಿಷ್ ಬರುತ್ತಿತ್ತು. ಗಂಡನ ಕೆಲಸಕ್ಕೆಂದು ಬಂದು, ಮನೆಯಲ್ಲೇ ಇದ್ದು, ಇಂಗ್ಲಿಷ್‌ನಲ್ಲಿ ಅಂಗಡಿಯ ಮಾತಷ್ಟೇ ಆಡಬಲ್ಲ ಹೆಣ್ಣುಮಕ್ಕಳು ನಿಮ್ಮ ಸಂಘದಲ್ಲೇ ಇದ್ದಾರೆ. ಅವರಿಗೆ ದುಭಾಷಿ ಬೇಕು. ಥೆರಪಿಗೆ ದುಭಾಷಿಯ ಖರ್ಚನ್ನು ಇಲ್ಲಿನ ಸರ್ಕಾರಿ ಪದ್ಧತಿಯ ವಿಮೆ ಕೊಡುವುದಿಲ್ಲ. ಗಂಡನನ್ನೇ ದುಭಾಷಿಯಾಗಿ ಕೂರಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಗಂಡ ಎಷ್ಟೇ ಒಳ್ಳೆಯವನಾಗಿದ್ದರೂ ಅವನ ಮುಂದೆ ಎಲ್ಲವನ್ನೂ ಹೇಳಲು ಆಗುವುದಿಲ್ಲ. ಒಂದು ಕಾರ್ಯಕ್ರಮದ ಸ್ಮರಣಿಕೆ, ಶಾಲುಗಳ ಖರ್ಚನ್ನು ಎತ್ತಿಟ್ಟರೆ ವರ್ಷಕ್ಕೆ ಇಬ್ಬರು ಮೂವರಿಗೆ ದುಭಾಷಿಯ ದುಡ್ಡು ಕೊಡಬಹುದು ಎಂದು ನನ್ನ ನಂಬಿಕೆ.

ನಮ್ಮ ಹಿರಿಯರಿಗೆ ಇದೆಲ್ಲ ಗೊತ್ತಿಲ್ಲದ ವಿಷಯ ಏನಲ್ಲ. "ಬಾಣಂತಿ ಸನ್ನಿ" ಎನ್ನುವ ಮಾತು ನಮ್ಮಲ್ಲಿ ಮೊದಲಿಂದಲೂ ಇದೆ. ಬಾಣಂತಿಯನ್ನು ಒಬ್ಬಳೇ ಬಿಡಬೇಡಿ ಎಂದು ಅಜ್ಜಿಯಂದಿರು ಸುಮ್ನೆ ಹೇಳುತ್ತಿರಲಿಲ್ಲ. ಹೆತ್ತ ಕೆಲವೇ ದಿನ, ವಾರಗಳಲ್ಲಿ ತಾಯಿ ನಿದ್ದೆಯನ್ನೇ ಬಿಟ್ಟು, ಇಲ್ಲದ ದನಿ ಕೇಳಿಸುತ್ತದೆ ಅಂದರೆ, ಮಗುವಿನ ಬಗ್ಗೆ ವಿಚಿತ್ರವಾಗಿ ಮಾತಾಡಿದರೆ, ಅದು ಆನ್‌ಲೈನ್ ಥೆರಪಿಯ ವಿಷಯವೇ ಅಲ್ಲ. ನೇರ 112ಕ್ಕೆ, ಅಂದರೆ ಇಲ್ಲಿನ ತುರ್ತು ನಂಬರಿಗೆ, ಕರೆ ಮಾಡಿ. ದೃಷ್ಟಿ ತೆಗೆಯುತ್ತಾ, ಊರಿನ ಜೋಯಿಸರಿಗೆ ಫೋನ್ ಮಾಡುತ್ತಾ ಒಂದು ರಾತ್ರಿಯನ್ನೂ ಕಳೆಯಬೇಡಿ.

ಇನ್ನೊಂದು ಹೆದರಿಕೆಯನ್ನು ಬಹಳ ಜನ ನನ್ನ ಹತ್ತಿರ ಪಿಸುಮಾತಿನಲ್ಲಿ ಹೇಳಿದ್ದಾರೆ. ಥೆರಪಿಗೆ ಹೋದರೆ ವೀಸಾಕ್ಕೆ ತೊಂದರೆ ಆಗುತ್ತಾ, ಆಫೀಸಿಗೆ ಗೊತ್ತಾಗುತ್ತಾ ಎಂದು. ಥೆರಪಿಸ್ಟ್ ಗುಟ್ಟು ಬಿಟ್ಟುಕೊಟ್ಟರೆ ಇಲ್ಲಿ ಅದು ಅಪರಾಧ, ದಂಡಸಂಹಿತೆಯ 203ನೇ ಕಲಮು. ರಜೆಗೆ ಡಾಕ್ಟರ್ ಕೊಡುವ ದಾಖಲೆಯಲ್ಲಿ ಕಾಯಿಲೆಯ ಹೆಸರು ಮಾಲೀಕರಿಗೆ ಹೋಗುವುದಿಲ್ಲ. ಒಂದು ವಿಷಯ ಮಾತ್ರ ಮುಚ್ಚಿಡುವುದಿಲ್ಲ: ಮುಂದೆ ಖಾಸಗಿ ವಿಮೆ, ಅದರಲ್ಲೂ ದುಡಿಯಲು ಆಗದಿದ್ದರೆ ದುಡ್ಡು ಕೊಡುವ ವಿಮೆ ಮಾಡಿಸಲು ಹೋದಾಗ, ಹಿಂದಿನ ಚಿಕಿತ್ಸೆಯ ಬಗ್ಗೆ ಕೇಳುತ್ತಾರೆ. ಅಲ್ಲಿ ತೊಂದರೆ ಆಗಬಹುದು. ಅದನ್ನು ತಿಳಿದೂ ನಾನು ಮತ್ತೆ ಹೋಗುತ್ತಿದ್ದೆ.

ಈಗ ನನ್ನ ಕೋರಿಕೆ. ಹೊಸದಾಗಿ ಗುಂಪಿಗೆ ಸೇರಿದವರಿಗೆ ನೀವು ಕಳಿಸುವ ಸ್ವಾಗತದ ಸಂದೇಶ ಇದೆಯಲ್ಲ, ಸೋನಾ ಮಸೂರಿ ಎಲ್ಲಿ, ದೇವಸ್ಥಾನ ಎಲ್ಲಿ, ಮನೆ ನೋಂದಣಿ ಹೇಗೆ ಎಂದು, ಅದಕ್ಕೆ ನಾಲ್ಕು ಸಾಲು ಸೇರಿಸಿ. 116117. ತುರ್ತಿಗೆ 112. ರಾತ್ರಿ ಮಾತಾಡಲು ಜರ್ಮನ್‌ನಲ್ಲಿ ಟೆಲಿಫೋನ್‌ಜೇಲ್‌ಜೋರ್ಗೆ, 0800 1110111, ಉಚಿತ. ಎಲ್ಲರಿಗೂ ಹೋಗುವ ಸಂದೇಶದಲ್ಲಿ ಇದ್ದರೆ ಯಾರೂ ಕೇಳಿ ಪಡೆಯಬೇಕಾಗಿಲ್ಲ. ಇಂಗ್ಲಿಷ್‌ನಲ್ಲಿ, ಸಾಧ್ಯವಾದರೆ ಕನ್ನಡದಲ್ಲಿ, ಚಿಕಿತ್ಸೆ ಕೊಡುವವರ ಪಟ್ಟಿಯೊಂದನ್ನು ಮಾಡಿ ಇಡಿ. ಒಳ್ಳೆಯವರು, ಕೆಟ್ಟವರು ಎಂದು ಬರೆಯುವುದು ಬೇಡ. ಪರವಾನಗಿ ಯಾವುದು, ವಿಮೆ ನಡೆಯುತ್ತದೆಯೇ, ಕಾಯುವುದು ಎಷ್ಟು ದಿನ, ಇಷ್ಟೇ ಸಾಕು. ಆರು ತಿಂಗಳಿಗೊಮ್ಮೆ ಫೋನ್ ಮಾಡಿ ಸರಿಪಡಿಸಬೇಕು. ಆ ಕೆಲಸ ನನಗೆ ಕೊಡಿ, ನಾನು ಮಾಡುತ್ತೇನೆ.

ಮಗು ಹುಟ್ಟಿದ ಮನೆಗೆ ನಮ್ಮಲ್ಲಿ ಸರದಿ ಮೇಲೆ ಊಟ ಕಳಿಸುತ್ತಾರೆ. ನನಗೂ ಕಳಿಸಿದ್ದಿರಿ, ಅದರ ಋಣ ನನ್ನ ಮೇಲಿದೆ. ಹೆತ್ತ ಮೊದಲ ಎರಡು ವಾರ ಹೀಗೆ ಕಳಿಸುತ್ತೇವೆ, ಆಗ ಮನೆ ತುಂಬ ಜನ ಇರುತ್ತಾರೆ. ಒಂದು ಸರದಿಯನ್ನು ಅಜ್ಜಿ ಊರಿಗೆ ಹೊರಟ ವಾರಕ್ಕೆ ಎತ್ತಿಡಿ. ಅವತ್ತು ಡಬ್ಬಿ ಕೊಟ್ಟು ಬಾಗಿಲಲ್ಲೇ ತಿರುಗಿ ಹೋಗಬೇಡಿ. ಒಳಗೆ ಬಂದು, ಮಗುವನ್ನು ಅರ್ಧ ಗಂಟೆ ಎತ್ತಿಕೊಂಡು, ತಾಯಿಯನ್ನು ಮಲಗಲು ಕಳಿಸಿ. ಡಬ್ಬಿಯ ಜೊತೆ ಆ ಹತ್ತು ಪ್ರಶ್ನೆಗಳ ಕನ್ನಡ ಹಾಳೆಯನ್ನೂ ಇಡಿ. ತುಂಬಿದ್ದೀರಾ ಎಂದು ಯಾರೂ ಕೇಳುವುದು ಬೇಡ.

ಈ ಸಲದ ರಾಜ್ಯೋತ್ಸವಕ್ಕೆ ನಾನು ಬರುತ್ತೇನೆ. ಹಾಳೆಗಳನ್ನು ನಾನೇ ಅಚ್ಚು ಹಾಕಿಸಿ ತರುತ್ತೇನೆ. ಭಾಷಣಕ್ಕೆ ಸಮಯ ಕೇಳುತ್ತಿಲ್ಲ. ಒಂದು ಸಣ್ಣ ಮೇಜು ಕೊಡಿ, ಸಾಕು. ವೇದಿಕೆಯ ಹತ್ತಿರ ಬೇಡ, ಊಟದ ಸಾಲಿನ ಹತ್ತಿರವೂ ಬೇಡ. ಮಕ್ಕಳಿಗೆ ಹಾಲು ಕುಡಿಸುವ, ಬಟ್ಟೆ ಬದಲಾಯಿಸುವ ಕೋಣೆ ಇರುತ್ತದಲ್ಲ, ಅದರ ಒಳಗೆ, ಗೋಡೆಯ ಪಕ್ಕ ಹಾಕಿಕೊಡಿ.

ಇಂತಿ,
ನಿಮ್ಮ ಸಂಘದ ಒಬ್ಬ ಸದಸ್ಯೆ